ನಾಫ್ತಾ ಮತ್ತು ಅಪ್ಪನ ಎಣ್ಣೆ ಮಿಲ್ಲು

ದುರ್ಗದ ಕಾಲೇಜಿನಲ್ಲಿ ನಮಗೆ ರಸಾಯನಶಾಸ್ತ್ರ ಹೇಳುತ್ತಿದ್ದ ಮೇಷ್ಟ್ರ ಹತ್ತಿರ ಒಂದು ಹಳೆಯ ನೋಟ್ಸ್ ಇತ್ತು, ಅವರೇ ಓದುವಾಗ ಬರೆದುಕೊಂಡದ್ದು. ಹಾಳೆಗಳು ಹಪ್ಪಳವಾಗಿದ್ದವು. ತೊಂಬತ್ತರ ದಶಕದಲ್ಲೂ ಅವರು ಅದನ್ನೇ ಓದುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಪೆಟ್ರೋಕೆಮಿಕಲ್ ಪಾಠ ಬರೀ ಅರ್ಧ ಪುಟ. ಕಚ್ಚಾತೈಲದಿಂದ ತೆಗೆದ ನಾಫ್ತಾವನ್ನಾಗಲಿ, ಈಥೇನ್ ಅನಿಲವನ್ನಾಗಲಿ ಹಬೆಯ ಜೊತೆ ಕುಲುಮೆಯ ಕೊಳವೆಗಳಲ್ಲಿ ಹಾಯಿಸಿ ಕಾಯಿಸಿದರೆ ಅಣುಗಳು ಒಡೆದು, ಪ್ಲಾಸ್ಟಿಕ್ಕಿಗೆ ಮೂಲವಾದ ಎಥಿಲೀನ್ ಬರುತ್ತದೆ. ಕಚ್ಚಾವಸ್ತು ಯಾವುದಾದರೂ ಫಲ ಒಂದೇ. "ಅಂಡರ್‌ಲೈನ್ ಮಾಡ್ಕಳ್ರಿ," ಅನ್ನುತ್ತಿದ್ದರು. ಮಾಡಿಕೊಂಡೆವು. ಕುರಿಮಂದೆಯಾದರೂ ಕಾಯುವವನು ದಾರಿ ತಪ್ಪಿಸಿದರೆ ಒಮ್ಮೆ ಬ್ಯಾ ಅನ್ನುತ್ತದೆ, ನಾವು ಅದನ್ನೂ ಅನ್ನಲಿಲ್ಲ.

ನಮ್ಮಪ್ಪನದು ಹಿರಿಯೂರಿನಲ್ಲಿ ಸಣ್ಣ ಎಣ್ಣೆ ಮಿಲ್ಲು. ಅತ್ತ ಬಾಗೂರಿನಿಂದಲೂ ಶೇಂಗಾ ಮೂಟೆ ಬರುತ್ತಿದ್ದವು. ಯಾರೇ ಮೂಟೆ ಇಳಿಸಲಿ, ಅಪ್ಪ ನಾಲ್ಕು ಬೀಜ ಬಾಯಿಗೆ ಹಾಕಿಕೊಂಡು ಅಗಿದು, "ನಿಮಗೆ ಎಣ್ಣೆ ಮುಖ್ಯನೋ, ಹಿಂಡಿ ಮುಖ್ಯನೋ?" ಎಂದು ಕೇಳಿಯೇ ಮಿಷನ್ನು ಹಚ್ಚುತ್ತಿದ್ದ. ಹಿಂಡಿ ಬೇಕೆಂದ ಎಮ್ಮೆಯವರಿಗೆ ಒಂಚೂರು ಜಿಡ್ಡು ಬಿಟ್ಟು ಆಡಿಸುತ್ತಿದ್ದ. "ಬೇವಿನ ಬೀಜ ತಂದು ಎಮ್ಮೆಗೆ ಹಿಂಡಿ ಕೇಳಬ್ಯಾಡ್ರಿ," ಎಂದು ಗದರುವುದೂ ಇತ್ತು. ನನಗೋ ಆ ಜಿಡ್ಡಿನ ವಾಸನೆ ಕಂಡರಾಗದು. ಗೆಳೆಯರು ಕೇಳಿದರೆ ಅಪ್ಪನದು ಬಿಸಿನೆಸ್ ಅನ್ನುತ್ತಿದ್ದೆ.

ಫಸ್ಟ್ ಕ್ಲಾಸ್ ಬಂತು. ಹೊರರಾಜ್ಯದ ಪೆಟ್ರೋಕೆಮಿಕಲ್ ಕಾರ್ಖಾನೆಯೊಂದು ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಕರೆಯಿತು. ಆ ಕೆಲಸ ಸಿಕ್ಕರೆ ಮಿಲ್ಲಿನಿಂದ ಬಿಡುಗಡೆ. ನನಗೆ ಬೇಕಿದ್ದುದು ಅಷ್ಟೇ. ಅಲ್ಲಿದ್ದ ಹಿರಿಯ ಎಂಜಿನಿಯರ್ ಒಂದೇ ಪ್ರಶ್ನೆ ಕೇಳಿದರು. ನಮಗೆ ಎಥಿಲೀನ್ ಜೊತೆಗೆ ಪ್ರೊಪಿಲೀನ್ ಬೇಕು, ರಬ್ಬರಿಗೆ ಬ್ಯೂಟಾಡೈಯೀನ್ ಕೂಡ ಬೇಕು, ಹಾಗಾದರೆ ಕುಲುಮೆಗೆ ಏನು ಹಾಕುತ್ತೀರಿ, ಈಥೇನೋ ನಾಫ್ತಾವೋ? ಅಂಡರ್‌ಲೈನ್ ಮಾಡಿದ ಸಾಲನ್ನು ಗಿಳಿಪಾಠದಂತೆ ಒಪ್ಪಿಸಿದೆ. ಪಾಪ ಅನ್ನಿಸಿತೋ ಏನೋ, ಅವರೇ ತಿಳಿಸಿಹೇಳಿದರು. ಈಥೇನ್ ಒಡೆದರೆ ಬಹುಪಾಲು ಎಥಿಲೀನೇ. ನಾಫ್ತಾದಲ್ಲಿ ಎಥಿಲೀನ್ ಕಡಿಮೆ, ಆದರೆ ಉಳಿದವೆಲ್ಲ ಜೊತೆಗೆ ಸಿಗುತ್ತವೆ, ಕೊಳವೆಯೊಳಗೆ ಮಸಿಯೂ ಹೆಚ್ಚು ಕಟ್ಟುತ್ತದೆ. ತಂದೆ ಏನು ಮಾಡುತ್ತಾರೆ ಎಂದರು. ಅಲ್ಲಿಯೂ ಬಿಸಿನೆಸ್ ಎಂದೆ. ಫೈಲು ಮುಚ್ಚಿ ನನ್ನ ಕಡೆ ತಳ್ಳಿದರು.

ಊರಿಗೆ ಬಂದಾಗ ಅಪ್ಪ ಮೂಟೆ ಬಿಚ್ಚುತ್ತಿದ್ದ. "ಏನ್ ಕೇಳಿದ್ರಪ್ಪ?" ಎಂದ. ಇವನಿಗೇನು ತಿಳಿದೀತು ಎಂಬ ಉಡಾಫೆಯಲ್ಲೇ, "ಕುಲುಮೆಗೆ ಎರಡು ಥರದ ಮಾಲು ಐತಂತೆ. ಯಾವುದು ಹಾಕ್ತೀಯ ಅಂದ್ರು," ಎಂದೆ.

ಅಪ್ಪ ಬೀಜ ಅಗಿಯುತ್ತ ನನ್ನ ಮುಖ ನೋಡಿದ.

"ಅವರಿಗೆ ಏನು ಬೇಕಾಗೈತೆ ಅಂತ ನೋಡ್ಕಂಡು ಹಾಕೋದಪ್ಪ. ಇಷ್ಟು ಕೇಳಾಕೆ ಬೆಂಗಳೂರಿಗೆ ಕರೆಸಿದ್ರಾ?"

ಹೂಂ ಎಂದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.