ಕಾಟಿಯ ಎಡಗಾಲು

ಫೋನ್ ಮಾಡಿದರೆ ಸೂರಣ್ಣ ಮೊದಲು ವಿಚಾರಿಸುವುದು ನನ್ನ ಮಗಳನ್ನಲ್ಲ, ಕೋಣವನ್ನು. "ಹ್ವಾಯ್ ಅಮ್ಮ, ಕಾಟಿ ಸಮಾ ತಿಂತಾ?" ಬಸ್ರೂರಿನ ನಮ್ಮ ಮನೆಯ ಕೋಣಗಳನ್ನು ಮೂವತ್ತೆಂಟು ವರ್ಷ ನೋಡಿಕೊಂಡವರು ಈಗ ಗಂಗೊಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಕೋಣದ ಹಟ್ಟಿಯಿಂದ ಅವರ ಕೆಮ್ಮು ಕೇಳಿಸದ ಬೆಳಗು ನನಗಿನ್ನೂ ಅಭ್ಯಾಸವಾಗಿಲ್ಲ.

ಆರು ವರ್ಷದ ಹಿಂದೆ ಮಗಳು ಪ್ರಣೀತಾ ಏಳು ತಿಂಗಳ ಕೂಸು. ಮೈಸೂರಿನಲ್ಲಿ ಓದಿ ಬೆಳೆದು ಈ ಮನೆಗೆ ಸೊಸೆಯಾಗಿ ಬಂದ ನಾನು ದಿನಕ್ಕೆ ನಾಲ್ಕು ಸಲ ಅವಳ ಜ್ವರ ನೋಡುತ್ತಿದ್ದೆ, ಜ್ವರ ಇಲ್ಲದಿದ್ದರೂ. ಆ ಸೆಪ್ಟೆಂಬರಿನಲ್ಲಿ ಕಾಟಿ ಕೆರೆಯ ಮೆಟ್ಟಿಲಲ್ಲಿ ಜಾರಿ ಬಿತ್ತು. ಎಡ ಮುಂಗಾಲಿನ ಗಂಟು ತೆಂಗಿನಕಾಯಿಯಷ್ಟು ಊದಿತು. ಮೂಳೆ ಮುರಿದಿಲ್ಲ, ಆದರೆ ಮೂರು ತಿಂಗಳು ಬೇಕು ಎಂದ ಪಶುವೈದ್ಯರು ಮೊದಲ ನಾಲ್ಕು ದಿನಕ್ಕೆ ಮಾತ್ರ ನೋವಿನ ಮಾತ್ರೆ ಹೇಳಿದರು.

ಡಿಸೆಂಬರಿನಲ್ಲಿ ನಮ್ಮ ಗದ್ದೆಯ ಕಂಬಳ. ಮನೆಯ ಜೋಡಿ ಇಳಿದ ಮೇಲೆಯೇ ಬೇರೆಯವರ ಕೋಣ ಇಳಿಯಬೇಕು. ಜೋಡಿಯ ಇನ್ನೊಂದು ಕೋಣ ಕುಟ್ಟಿ, ಕಾಟಿಯಿಲ್ಲದೆ ನೊಗಕ್ಕೆ ಕೊರಳೇ ಕೊಡದು. ಮಾವ ಭೋಜರಾಜ ಶೆಟ್ಟರು ಹಟ್ಟಿಯೆದುರು ನಿಂತು ಹೇಳಿಬಿಟ್ಟರು: "ಸೂರ, ಕಂಬಳಕ್ಕೆ ಇದ್ ಇಳೀದಿದ್ರೆ ಬೇರೆ ಜೋಡಿ ತರುದೇ. ಇದನ್ನ್ ಕೊಡುದೇ."

ಕುಂಟು ಕೋಣವನ್ನು ಮಾರಿದರೆ ಅದು ಎಲ್ಲಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ಸೂರಣ್ಣ ತಲೆಯ ಮುಂಡಾಸು ಬಿಚ್ಚಿ ಮತ್ತೆ ಕಟ್ಟಿಕೊಂಡರು, ಅಷ್ಟೇ.

ದಿನಾ ಭರತ ಇಳಿದು ಹೊಳೆಯ ನೀರು ತಗ್ಗುವ ಹೊತ್ತು ನೋಡಿ ಕಾಟಿಯನ್ನು ಎದೆಯುದ್ದ ನೀರಿನಲ್ಲಿ ನಿಲ್ಲಿಸಿ, ತಾವೂ ಪಕ್ಕದಲ್ಲೇ ನಿಲ್ಲುತ್ತಿದ್ದರು. ಮನೆಗೆ ಬಂದು ಬೆಚ್ಚಗಿನ ಎಣ್ಣೆ ತಿಕ್ಕಿ, ಅಂಗಳದಲ್ಲಿ ಒಂದಿಷ್ಟು ನಡೆಸುತ್ತಿದ್ದರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಜಗಲಿಯಲ್ಲಿ ಕೂತು ನಾನು ಹೆಜ್ಜೆ ಎಣಿಸುತ್ತಿದ್ದೆ.

"ನಿನ್ನೆಯೂ ನಲವತ್ತು, ಇವತ್ತೂ ನಲವತ್ತು! ಯಾಕೆ ಸೂರಣ್ಣ?"

"ಅದಕ್ಕೆ ಲೆಕ್ಕ ಬತ್ತಿಲ್ಲ ಅಮ್ಮ. ನಂಗೂ ಬತ್ತಿಲ್ಲ."

ನವೆಂಬರ್ ಬಂತು, ಕಾಲು ಇನ್ನೂ ಎಳೆಯುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಸೂರಣ್ಣ ಬಾರ್ಕೂರಿಗೆ ಮದುವೆಗೆ ಹೋದ ದಿನ, ಕಪಾಟಿನಲ್ಲಿ ಉಳಿದಿದ್ದ ನೋವಿನ ಮಾತ್ರೆಗಳನ್ನು ಬೇಯಿಸಿದ ಹುರುಳಿಯಲ್ಲಿ ಬೆರೆಸಿ ತಿನ್ನಿಸಿದೆ. ಮಧ್ಯಾಹ್ನಕ್ಕೆ ಕಾಟಿ ನೆಟ್ಟಗೆ ನಿಂತಿತು. ನನಗೆ ಎಷ್ಟು ಖುಷಿ! ಸಂಜೆ ಕುಟ್ಟಿಯನ್ನು ಕಂಡದ್ದೇ ಹಗ್ಗ ಕಿತ್ತುಕೊಂಡು ಅಂಗಳ ತುಂಬಾ ಓಡಿತು. ಮರುದಿನ ಗಂಟು ಮೊದಲಿನಷ್ಟೇ ಊದಿತ್ತು.

ಅಳುತ್ತಾ ಸೂರಣ್ಣನಿಗೆ ಹೇಳಿದೆ. ಅವರು ಕೂತು ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು.

"ನೋವ್ ಇದ್ದಿದ್ರೆ ಅದೇ ಕಾಲ್ ಜೋಪಾನ ಮಾಡ್ಕಂತಿತ್ತ್. ನೀವ್ ಕಾವಲಿನವನನ್ನೇ ಓಡ್ಸಿ ಬಿಟ್ರಿ ಅಮ್ಮ."

ಮಾವ ಬಂದು ಕಾಲು ನೋಡಿ ಕೆಂಡವಾದರು. "ಎಂತ ಇದ್, ಸೂರ?"

"ಹಗ್ಗ ಸಡ್ಲ ಕಟ್ಟಿದೆ ಒಡೆಯ. ನಂದೇ ತಪ್ಪ್."

ನಾನು ಬಾಯಿ ತೆರೆಯುವಷ್ಟರಲ್ಲಿ ಸೂರಣ್ಣ ನನ್ನತ್ತ ಒಮ್ಮೆ ನೋಡಿದರು, ಬಾಯಿ ಮುಚ್ಚಿದೆ. ಮಾವ ಹೋದ ಮೇಲೆ ಹೇಳಿದರು: "ನಾಳೆಯಿಂದ ಹೊಳೆಗೆ ನೀವೂ ಬನ್ನಿ. ಹಗ್ಗ ಹಿಡ್ಕಣಿ. ಮನೇಲ್ ಕೂತ್ರೆ ನಿಮ್ಗ್ ತಲೆಬಿಸಿ ಜಾಸ್ತಿ."

ಹೋದೆ. ಮಗುವನ್ನು ಸೊಂಟದ ಮೇಲಿಟ್ಟುಕೊಂಡು, ಹಗ್ಗದ ತುದಿ ಹಿಡಿದು, ತಿಂಗಳಿಡೀ. ಕಾಟಿಯ ಉಸಿರು, ಎಣ್ಣೆಯ ವಾಸನೆ, ನೀರಿನಲ್ಲಿ ನಿಂತು ಸೂರಣ್ಣ ಅದರೊಡನೆ ಪಿಸುಗುಟ್ಟುತ್ತಿದ್ದ ಅರ್ಥವಾಗದ ಮಾತು. ಜ್ವರ ನೋಡುವುದು ಯಾವಾಗ ಮರೆತೆನೋ ಗೊತ್ತಿಲ್ಲ. ಈಗ ಯೋಚಿಸಿದರೆ ನನ್ನ ಬಾಣಂತನದ ನಂತರದ ನೆಮ್ಮದಿಯ ದಿನಗಳೆಂದರೆ ಅವೇ.

ಕಂಬಳದ ದಿನ ಸೂರಣ್ಣ ಬಾರುಕೋಲು ಹಿಡಿಯಲಿಲ್ಲ. ಕಾಟಿಯ ಕೊರಳ ಮೇಲೆ ಕೈಯಿಟ್ಟು, ಜೋಡಿಯನ್ನು ಕೆಸರಿಗಿಳಿಸಿ ಹೆಜ್ಜೆ ಹೆಜ್ಜೆಯಾಗಿ ನಡೆಸಿದರು. ಬದುವಿನ ಮೇಲಿಂದ ಒಬ್ಬ ಕೂಗಿದ: "ಹ್ವಾಯ್ ಸೂರ, ಕೋಣ ಓಡ್ಸ್‌ತ್ಯಾ, ಮದುಮಗಳ್ನ ಕರ್ಕಂಡ್ ಹೋತ್ಯಾ?"

"ಮದುಮಗ್ಳೇ ಮಾರಾಯಾ! ಕಣ್ಣ್ ಹಾಕ್ಬೇಡ!"

ಜನ ಗೊಳ್ಳೆಂದು ನಕ್ಕರು. ಮಾವ ನಗಲಿಲ್ಲ. ಕಾಟಿ ಗದ್ದೆಯ ನಡುವೆ ಒಮ್ಮೆ ನಿಂತಿತು, ಎಡಗಾಲೆತ್ತಿತು. ಸೂರಣ್ಣ ಎಳೆಯಲಿಲ್ಲ, ಕಾದರು. ಕಾಟಿ ಕಾಲನ್ನು ಕೆಸರಿಗೆ ಊರಿತು. ಆಚೆ ಬದು ಮುಟ್ಟುವವರೆಗೆ ನಾನು ಮಗುವನ್ನು ಎಷ್ಟು ಬಿಗಿ ಹಿಡಿದಿದ್ದೆನೆಂದರೆ ಅದು ಅತ್ತೇಬಿಟ್ಟಿತು.

ಮಾವ ಬೇರೆ ಜೋಡಿಯವರತ್ತ ಕೈಬೀಸಿದರು. "ನಡ್ದ್ರೂ ಇಳ್ದದ್ದ್ ಇಳ್ದದ್ದೇ. ಇನ್ನ್ ನಿಮ್ದ್ ಬಿಡಿ." ಮತ್ತೆ ಸೂರಣ್ಣನ ಕಡೆ ತಿರುಗಿದರು: "ಇದ್ ಹಟ್ಟೀಲೇ ಇರ್ಲಿ."

ಕೆಸರು ತೊಳೆಯಲು ಕಾಟಿಯನ್ನು ಹೊಳೆಗೆ ಕರೆದೊಯ್ದೆವು. ಸೂರಣ್ಣ ಅದರ ಮೈ ತಿಕ್ಕಿ ಮುಗಿಸಿ, ಬಗ್ಗಿ ತಮ್ಮ ಮುಖ ತೊಳೆದುಕೊಂಡರು. ಮತ್ತೆ ತೊಳೆದುಕೊಂಡರು. ಮತ್ತೂ ಒಮ್ಮೆ. ನಾನು ಆಚೆ ತಿರುಗಿ ಮಗುವಿಗೆ ದೋಣಿ ತೋರಿಸಿದೆ.