ಸಮಾಧಾನ ಹೇಳಲು ಬಂದವರ ಕೈಗೆ ಒಂದು ಕಟ್ಟು

ನಮ್ಮ ಯಜಮಾನರು ತೀರಿಕೊಂಡ ಹದಿನಾರನೇ ದಿನಕ್ಕೆ ನಾನು ತುಂಗಭದ್ರಾ ಡ್ಯಾಂನ ಕಾಲುವೆ ಕಚೇರಿಗೆ ಮರಳಿದೆ. ಮನೆಯಲ್ಲಿ ಅತ್ತು ಸಾಕಾಗಿತ್ತು. ಕೆಲಸದಲ್ಲಾದರೂ ಮುಳುಗೋಣ ಎಂದರೆ ಸಮಾಧಾನ ಹೇಳುವವರು ಬಿಡಬೇಕಲ್ಲ! ಒಬ್ಬೊಬ್ಬರಾಗಿ ನನ್ನ ಟೇಬಲ್ಲಿನ ಮುಂದೆ ಕುಳಿತು, "ಹೆಂಗಾತಮ್ಮಾ? ಮೊದ್ಲಿಂದ ಹೇಳು" ಎನ್ನುತ್ತಿದ್ದರು. ಎದೆನೋವಿನಿಂದ ಹಿಡಿದು ಆಸ್ಪತ್ರೆಯ ತನಕ ದಿನಕ್ಕೆ ಎಂಟು ಸಲ ಹೇಳಿದೆ. ಎಂಟು ಸಲವೂ ಯಜಮಾನರು ಸತ್ತರು. ಕಂಪ್ಲಿ ಕಡೆಯ ರೈತರ ನೀರಿನ ಅರ್ಜಿಗಳು ಮಾತ್ರ ಕದಲಲಿಲ್ಲ.

ಮೂರನೇ ದಿನ ನನಗೆ ರೇಗಿತು. ಅವತ್ತು ಮೊದಲು ಬಂದು ಕುಳಿತವರು ಹಿರಿಯ ಗುಮಾಸ್ತರು. ನಾನು ಸೆರಗಿನಿಂದ ಕಣ್ಣೊತ್ತಿಕೊಂಡು, "ಕಣ್ಣು ಮಂಜಾಗ್ಯಾವ್ರಿ ಸರ್. ಈ ಅರ್ಜಿ ಊರುವಾರು ಜೋಡಿಸ್ತಾ ಕೇಳ್ರಿ, ನಾ ಹೇಳ್ತೀನಿ" ಎಂದು ಒಂದು ಕಟ್ಟು ಮುಂದಿಟ್ಟೆ. ಗಂಡ ಸತ್ತವಳಿಗೆ ಆಗೋದಿಲ್ಲ ಎನ್ನುವುದು ಹೇಗೆ? ಪಾಪ, ಜೋಡಿಸಿದರು. ಆಮೇಲೆ ಬಂದ ಟೈಪಿಸ್ಟ್ ಅಕ್ಕನಿಗೆ ರಿಜಿಸ್ಟರ್ ಕೊಟ್ಟೆ. ಎಂಜಿನಿಯರ್ ಸಾಹೇಬರನ್ನೂ ಬಿಡಲಿಲ್ಲ.

ವಾರದಲ್ಲಿ ನನ್ನ ಟೇಬಲ್ ಗುಡಿಸಿದಂತೆ ಖಾಲಿಯಾಯಿತು. "ಇಂಥಾ ದುಃಖದಾಗೂ ಏನ್ ಕೆಲಸ ಮಾಡ್ತಾಳಪ್ಪ!" ಎಂದು ಸಾಹೇಬರು, ತಮಗೂ ಒಂದು ಕಟ್ಟು ಸಿಕ್ಕಿದ್ದನ್ನು ಮರೆತವರಂತೆ, ಎಲ್ಲರೆದುರು ಹೊಗಳಿದರು. ಹಿರಿಯ ಗುಮಾಸ್ತರು ನೆಲ ನೋಡುತ್ತಿದ್ದರು. ಅಂದಿನಿಂದ ನನ್ನತ್ತ ಯಾರೂ ಸುಳಿಯಲಿಲ್ಲ.

ಮರುದಿನ ಮಧ್ಯಾಹ್ನ ಅರ್ಜಿಯೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ಎದುರಿನ ಖಾಲಿ ಕುರ್ಚಿಯನ್ನು ಎಷ್ಟು ಹೊತ್ತು ನೋಡುವುದು? ಎದ್ದು ಹೋಗಿ ಹಿರಿಯ ಗುಮಾಸ್ತರ ಮುಂದೆ ಕುಳಿತೆ.

"ಸರ್, ಮೊದ್ಲಿಂದ ಹೇಳ್ಲೇನ್ರಿ?"

ಅವರು ತಮ್ಮ ಟೇಬಲ್ಲಿನ ಅರ್ಜಿಗಳ ಕಟ್ಟನ್ನು ನನ್ನ ಮುಂದಕ್ಕೆ ತಳ್ಳಿದರು.