ನನ್ನ ಪಟ್ಟಿ, ಅವಳ ಕಂಪ್ಯೂಟರ್

ಮದರ್‌ಬೋರ್ಡ್ ಎಂಬ ಪದ ಕಿವಿಗೆ ಬಿದ್ದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಪಾಪ, ಅದರ ತಪ್ಪೇನೂ ಇಲ್ಲ, ಅದೊಂದು ಹಸಿರು ಹಲಗೆ. ತಪ್ಪು ಅವಳದು. ಅವಳನ್ನು ಕಣ್ಣು ಮುಚ್ಚಿ ನಂಬಿದ ನನ್ನದೂ ಒಂದಿಷ್ಟು.

ಶಿರಸಿಯ ಸಣ್ಣ ಮುದ್ರಣಾಲಯವೊಂದರಲ್ಲಿ ನಾವಿಬ್ಬರೂ ಹನ್ನೊಂದು ವರ್ಷ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು ಕಂಪ್ಯೂಟರಿನಲ್ಲಿ ಪುಟ ಕಟ್ಟಿದವರು. ಅವಳು ದಿನಾ ಸಿದ್ದಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದಳು, ನನ್ನ ಮನೆ ಶಿರಸಿಯಲ್ಲೇ. ಮದುವೆ, ಉಪನಯನ, ಗೃಹಪ್ರವೇಶಕ್ಕೆ ಕರೆಯುವ ಕಾಗದಗಳೇ ನಮಗೆ ಹೆಚ್ಚು. ಕರಡು ತಿದ್ದುವಾಗ ನಾನು ಚುಕ್ಕೆ, ಗೆರೆ ಬಿಡದೆ ಗಟ್ಟಿಯಾಗಿ ಓದುವುದು, ಅವಳು ಕೆಂಪು ಪೆನ್ನು ಹಿಡಿದು ಹಾಳೆ ನೋಡುವುದು. ಒಬ್ಬಳು ಮಾಡಿದ್ದು ಇನ್ನೊಬ್ಬಳ ಕಣ್ಣಿಗೆ ಬೀಳದೆ ಹೊರಗೆ ಹೋಗಬಾರದು ಎಂಬುದು ನಮ್ಮ ನೇಮ. ಒಮ್ಮೆ ಗುಂಡುಕಲ್ಲಿನ ಹಾಗಿದ್ದ ಅಜ್ಜನೊಬ್ಬನ ಹೆಸರಿನ ಹಿಂದೆ ನಾನು 'ದಿವಂಗತ' ಎಂದು ಹಾಕಿಬಿಟ್ಟಿದ್ದೆ. ಅವಳು ಹಿಡಿದಳು. ಇಲ್ಲದಿದ್ದರೆ ಆ ಅಜ್ಜನೇ ದೊಣ್ಣೆ ಹಿಡಿದು ಬರುತ್ತಿದ್ದ.

ಮಾಲೀಕರಿಗೆ ವಯಸ್ಸಾಯಿತು, ಮುದ್ರಣಾಲಯ ಮುಚ್ಚಿತು. ಹೋಗುವಾಗ ಹಳೇ ಕಂಪ್ಯೂಟರನ್ನು ನಮ್ಮಿಬ್ಬರಿಗೂ ಸೇರಿಸಿ ಕೊಟ್ಟರು. ಅದರ ಹಾರ್ಡ್ ಡಿಸ್ಕಿನಲ್ಲಿ ಹನ್ನೊಂದು ವರ್ಷದ ಕಾಗದಗಳೆಲ್ಲ ಇದ್ದವು. ನಮ್ಮ ಕಡೆ ಯಾರೂ ಮದುವೆ ಕಾಗದವನ್ನು ಹೊಸದಾಗಿ ಬರೆಸುವುದಿಲ್ಲ. 'ಅಕ್ಕನ ಮದುವೆದು ಇದ್ದಲ, ಅದೇ ಹಾಂಗೆ ಮಾಡಿ, ಹೆಸರು ಬದ್ಲು ಮಾಡಿದ್ರೆ ಆತು' ಎನ್ನುತ್ತಾರೆ. ಕುಲದೇವರು ಯಾರು, ದೊಡ್ಡಪ್ಪನ ಹೆಸರು ಮೊದಲೋ ಸೋದರಮಾವನದೋ, ಯಾರ ಹೆಸರು ಬಿಟ್ಟರೆ ಯಾರು ಊಟಕ್ಕೆ ಬರುವುದಿಲ್ಲ, ಎಲ್ಲ ಆ ಫೈಲಿನೊಳಗೇ ಇರುತ್ತದೆ. ಮಂಚಿಕೇರಿಯಿಂದ ದೊಡ್ಮನೆವರೆಗಿನ ಊರುಗಳವರು ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದದ್ದು ಅದಕ್ಕೇ. ನನಗೆ ನಲವತ್ತಾರು, ಬೇರೆ ಕೆಲಸ ಬರುವುದಿಲ್ಲ. ನನ್ನ ಮನೆಯ ಮುಂದಿನ ಕೋಣೆಯಲ್ಲಿ ಇಬ್ಬರೂ ಸೇರಿ ಅಂಗಡಿ ಇಡುವುದು ಎಂದು ಮಾತಾಯಿತು.

ಆದರೆ ಆ ಕಂಪ್ಯೂಟರ್ ಮುದಿಯಾಗಿತ್ತು. ಒಂದು ಫೈಲು ತೆರೆಯಲು ಹೇಳಿ, ಒಳಗೆ ಹೋಗಿ ಚಾ ಮಾಡಿ, ಕುಡಿದು, ಲೋಟ ತೊಳೆದಿಟ್ಟು ಬಂದರೂ ಅದು ಇನ್ನೂ ಯೋಚಿಸುತ್ತಲೇ ಇರುತ್ತಿತ್ತು. ಒಳಗಿನ ಸಾಮಾನು ಬದಲಿಸಲೇಬೇಕಿತ್ತು. 'ನಿಂಗೆ ತಲೆ ಓಡ್ತು, ನೀನೇ ಆರ್ಸು' ಎಂದಳು ಅವಳು. ನನಗೆ ಹೆಮ್ಮೆಯಾಯಿತು. ಹೆಮ್ಮೆಯಾದದ್ದೇ ತಪ್ಪಾಯಿತು!

ನಾನು ಆರಿಸಲು ಕೂತೆ. ಮೊಬೈಲಿನಲ್ಲಿ ವಿಡಿಯೋ ನೋಡಿದೆ, ಗೊತ್ತಿದ್ದವರನ್ನು ಕಾಡಿದೆ. ಚಿತ್ರ ತೋರಿಸುವ ಶಕ್ತಿ ತನ್ನೊಳಗೇ ಇರುವ ಪ್ರೊಸೆಸರ್ ತಂದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ ಎಂದು ಗೊತ್ತಾಯಿತು. ಆ ಪ್ರೊಸೆಸರ್ ಕೂರುವ ಮದರ್‌ಬೋರ್ಡು ಬೇರೆ, ಆ ಬೋರ್ಡಿಗೆ ಹೊಂದುವ ರ‍್ಯಾಮು ಬೇರೆ. ಗಂಡು ಹೆಣ್ಣಿನ ಜಾತಕ ಕೂಡಿಸಿದಷ್ಟೇ ಕೆಲಸ. ನಮ್ಮೂರಿನ ಕರೆಂಟಿಗೆ ಒಳಗೆ ಕರೆಂಟು ಹಂಚುವ ಡಬ್ಬಿ, ಎಸ್‌ಎಂಪಿಎಸ್, ಕಳಪೆಯದು ಹಾಕಿದರೆ ಎಲ್ಲವೂ ಸುಟ್ಟುಹೋಗುತ್ತದೆ ಎಂದು ಒಬ್ಬರು ಹೆದರಿಸಿದರು, ಅದನ್ನೊಂದು ವಾರ ಹುಡುಕಿದೆ. ಎಲ್ಲಕ್ಕಿಂತ ದೊಡ್ಡ ಚಿಂತೆ ನಮ್ಮ ಹಳೇ ಕನ್ನಡ ಫಾಂಟು. ಹೊಸ ವಿಂಡೋಸಿನಲ್ಲಿ ಒತ್ತಕ್ಷರ ಒಡೆದುಹೋದರೆ ಹನ್ನೊಂದು ವರ್ಷದ ಕೆಲಸ ಮಣ್ಣು ಪಾಲು. ಯಲ್ಲಾಪುರದ ಪರಿಚಯದವರೊಬ್ಬರ ಹೊಸ ಕಂಪ್ಯೂಟರಿನಲ್ಲಿ ಐವತ್ತು ಫೈಲು ತೆರೆದು ನೋಡಿಬಂದ ಮೇಲೇ ನನಗೆ ಸಮಾಧಾನ.

ಅವಳು ಫೋನು ಮಾಡುತ್ತಿದ್ದಳು. 'ಎಂತ ಮಾರಾಯ್ತಿ, ಒಂದು ಡಬ್ಬಿ ತಗಳಕ್ಕೆ ಎಷ್ಟು ದಿನ ನಿಂಗೆ?'

'ತಡಿಯೇ, ಒಂದು ಅನುಮಾನ ಉಳದ್ದು' ಎನ್ನುತ್ತಿದ್ದೆ. ಒಂದು ಮುಗಿದರೆ ಇನ್ನೊಂದು ಅನುಮಾನ. ಮೂರು ತಿಂಗಳಾಯಿತು. ಮೂರನೇ ಕರಡು ನೋಡದೆ ಅಚ್ಚಿಗೆ ಬಿಡದ ಕೈ ನನ್ನದು, ಏನು ಮಾಡಲಿ.

ಕಡೆಗೂ ಪಟ್ಟಿ ಸಿದ್ಧವಾಯಿತು. ಒಂದು ಹಾಳೆಯಲ್ಲಿ ದುಂಡಗೆ ಬರೆದು ಅವಳ ಕೈಗೆ ಕೊಟ್ಟೆ, ಎರಡನೇ ಕಣ್ಣು ಬೀಳಬೇಕಲ್ಲ. ಮದರ್‌ಬೋರ್ಡಿನ ಗಂಧಗಾಳಿಯಿಲ್ಲದವಳಿಗೆ ಅದನ್ನು ತಿದ್ದಲು ಕೊಟ್ಟೆನಲ್ಲ, ನನ್ನ ಬುದ್ಧಿಗಿಷ್ಟು! ಸಾಮಾನು ಬದಲಿಸುವ ಮೊದಲು ಹಾರ್ಡ್ ಡಿಸ್ಕಿನದೊಂದು ಪ್ರತಿ ಇರಲಿ ಎಂದು ಅವಳೇ ಹೇಳಿದಳು. ತಮ್ಮನ ಲ್ಯಾಪ್‌ಟಾಪಿನಲ್ಲಿ ಇಳಿಸುತ್ತೇನೆ ಎಂದು ಹಾಳೆಯ ಜೊತೆ ಡಿಸ್ಕನ್ನೂ ಒಯ್ದಳು. ನಾಲ್ಕು ದಿನಕ್ಕೆ ಎರಡನ್ನೂ ವಾಪಸು ತಂದಳು. 'ಎಲ್ಲ ಸರಿ ಇದ್ದು. ಈ ತಿಂಗಳು ಮಾತ್ರ ಬ್ಯಾಡ, ಮುಂದಿನ ತಿಂಗಳು ತಗಂಬ' ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ.

ಇಪ್ಪತ್ತು ದಿನ ಕಳೆದಿರಬೇಕು. ಸಂತೆಗೆಂದು ಪೇಟೆಗೆ ಹೋದವಳು, ಪಟ್ಟಿಯಲ್ಲಿದ್ದ ಮದರ್‌ಬೋರ್ಡು ಸಿಗುತ್ತದೆಯೋ ಕೇಳಿಬಿಡೋಣ ಎಂದು ಕಂಪ್ಯೂಟರ್ ಅಂಗಡಿಗೆ ಹೊಕ್ಕೆ. ಅಂಗಡಿಯ ಸಾಹೇಬರು ನನ್ನ ಹಾಳೆ ನೋಡಿ ನಕ್ಕರು.

'ಅಕ್ಕಾ, ಇದೇ ಪಟ್ಟಿ ಅಲ್ವಾ ಮೊನ್ನೆ ನಾನು ಜೋಡಿಸಿ ಕೊಟ್ಟಿದ್ದು? ಸಿದ್ದಾಪುರಕ್ಕೆ ಹೋಯ್ತಲ್ಲ. ನಿಮ್ಮ ಜೊತೆಯವರೇ ಬಂದಿದ್ರು.'

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಅವರು ಮೊಬೈಲು ತೆಗೆದು, ಅವಳು ಕಳಿಸಿದ್ದ ಫೋಟೋ ತೋರಿಸಿದರು. ನನ್ನ ಹಾಳೆಯ ಜೆರಾಕ್ಸ್ ಪ್ರತಿ, ನನ್ನದೇ ದುಂಡಕ್ಷರ. ಅವಳು ಕೀಲಿಗಳನ್ನು ಗುದ್ದಿ ಗುದ್ದಿ ಒತ್ತುವವಳು, ನನಗೆ ಮೆತ್ತಗಿನದು ಬೇಕು. ಹಾಗಾಗಿ ಕೀಬೋರ್ಡು ಎರಡು ಎಂದು ಬರೆದಿದ್ದೆ. ಆ ಎರಡನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕಿ, ಅಂಚಿನಲ್ಲಿ ಕರಡು ತಿದ್ದುವವರು ಹಾಕುವ ಸುರುಳಿ ಗುರುತು ಎಳೆದು, ಒಂದು ಎಂದು ಬರೆದಿತ್ತು. ಅಷ್ಟೇ ತಿದ್ದುಪಡಿ. ಸಾಹೇಬರು ಸ್ಟೂಲು ಕೊಟ್ಟು ನೀರು ತರಿಸಿದರು.

ಸಂತೆ ಚೀಲವನ್ನು ಅಲ್ಲೇ ಬಿಟ್ಟು ಸಿದ್ದಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಸಾಹೇಬರು ಹೇಳಿದ್ದ ಹಾಗೆ ಬಸ್ ನಿಲ್ದಾಣದ ಹತ್ತಿರದ ಕೋಣೆಯೊಂದರಲ್ಲಿ ಅವಳ ಅಂಗಡಿ, ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಪರದೆಯ ಮೇಲೆ ಮಂಚಿಕೇರಿ ಮನೆಯೊಂದರ ಮದುವೆ ಕಾಗದ. ಹಿರೇ ಮಗಳದ್ದನ್ನು ನಾನೇ ಕಟ್ಟಿದ್ದೆ, ಈಗ ಕಿರಿಯವಳದ್ದಕ್ಕೆ ಹೆಸರು ಬದಲಾಗುತ್ತಿತ್ತು. ಫೈಲು ಒತ್ತಿದ ಕೂಡಲೇ ತೆರೆಯುತ್ತಿತ್ತು, ಒಂದು ಒತ್ತಕ್ಷರವೂ ಒಡೆದಿರಲಿಲ್ಲ.

ನನ್ನನ್ನು ನೋಡಿ ಅವಳು ಎದ್ದು ನಿಂತಳು.

'ಒಂದು ಮಾತು ಹೇಳ್ಲಾಗಿತ್ತನೇ?' ಎಂದೆ. ಬಸ್ಸಿನಲ್ಲಿ ಜೋಡಿಸಿದ್ದರಲ್ಲಿ ಒಂದೂ ಬಾಯಿಗೆ ಬರಲಿಲ್ಲ.

'ಹೇಳಿದ್ರೆ ಬಿಡ್ತಿದ್ಯನೇ ನೀನು? ದಿನಾ ಬಸ್ಸಿನಲ್ಲಿ ಸಾಯಕ್ಕೆ ಎಂಗೆ ಆಗ್ತಿಲ್ಲೆ. ನೀನು ಆರಿಸ್ತಾ ಕೂತೆ, ಲಗ್ನದ ಕಾಲ ನಿನ್ನ ಕಾಯ್ತಾ?'

'ಹೋಗ್ಲಿ, ಬೇರೆ ಹೋಗು. ಕಾಗದನ್ನೆಲ್ಲ ತಗಂಡೆ, ಪಟ್ಟಿನೂ ನಂದೇ ಬೇಕಾತಾ?'

ಅವಳು ತಲೆ ತಗ್ಗಿಸಲಿಲ್ಲ. 'ನೀನು ಮಾಡಿದ ಪಟ್ಟಿ ತಪ್ಪಿರ್ತಿಲ್ಲೆ ಹೇಳಿ ಗೊತ್ತಿತ್ತು' ಎಂದಳು, ಹೊಗಳುವವಳ ಹಾಗೆ.

ಕೆನ್ನೆಗೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಇನ್ನು ನಿಂತರೆ ಅತ್ತುಬಿಡುತ್ತೇನೆ ಎನಿಸಿ ಮೆಟ್ಟಿಲು ಇಳಿದೆ. ಹಿಂದಿನಿಂದ ಕರೆದಳು.

'ಕೇಳು, ಪ್ರಿಂಟರ್ ಯಾವುದು ತಗಳ್ಳಿ? ಇಂಕಿಂದಾ, ಲೇಸರ್ರಾ?'

ನಾನು ತಿರುಗಿ ನಿಂತೆ. 'ಇಂಕಿಂದು ಬ್ಯಾಡ' ಎಂದೆ. 'ಮಳೆಗಾಲದಲ್ಲಿ ಕಾರ್ಡು ತೇವ ಹಿಡಿತು, ಅಕ್ಷರ ಹರಡ್ತು. ಲೇಸರ್ರೇ ತಗ. ಹಿಂದೆ ಬಾಗಿಲು ಇದ್ದಿದ್ದು ನೋಡಿ ತಗ, ದಪ್ಪ ಕಾರ್ಡು ಮಡಚದೆ ನೆಟ್ಟಗೆ ಹೊರಗೆ ಬತ್ತು.' ಅವಳು ಪೆನ್ನು ತಂದು ಬರೆದುಕೊಂಡಳು. ಟೋನರ್ ಯಾವ ತರಹದ್ದು, ಅದನ್ನು ಎಲ್ಲಿ ತುಂಬಿಸಬೇಕು, ಎಲ್ಲವನ್ನೂ ಬಿಡಿಸಿ ಹೇಳಿದೆ. ಬರೆದುಕೊಂಡದ್ದನ್ನು ಅವಳು ಒಮ್ಮೆ ಗಟ್ಟಿಯಾಗಿ ಓದಿದಳು. ಒಂದು ಕಡೆ ತಪ್ಪಿತ್ತು, ತಿದ್ದಿದೆ.

ಶಿರಸಿಗೆ ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಊರು ಬರುವವರೆಗೂ ಅತ್ತೆ. ಆ ಪ್ರಿಂಟರನ್ನು ನಾನು ನಮ್ಮ ಅಂಗಡಿಗೆಂದು ಆರಿಸಿ ಇಟ್ಟಿದ್ದೆ, ಅದೊಂದನ್ನು ಮಾತ್ರ ಪಟ್ಟಿಯಲ್ಲಿ ಬರೆದಿರಲಿಲ್ಲ.